ಕೈಸರನ ಊರಿನ ಚುನಾವಣೆಯೂ ನಮ್ಮ ಮತವೂ

ಚುನಾವಣೆ ಹತ್ತಿರವಾಯಿತೆಂದರೆ ನಮ್ಮ ಹೊಸೂರು, ಕೃಷ್ಣಗಿರಿಯ ಬೀದಿಗಳಲ್ಲಿ ಬಿಳಿ ಅಂಗಿ, ಬಿಳಿ ಪಂಚೆಗಳು ಹೆಚ್ಚುತ್ತವೆ. ಐದು ವರ್ಷ ಕಾಣದ ಮುಖಗಳು ಕೈಮುಗಿದು ಬಾಗಿಲಿಗೆ ಬರುತ್ತವೆ. ಇದು ಹೊಸ ಪದ್ಧತಿಯಲ್ಲ. ಎರಡು ಸಾವಿರ ವರ್ಷಗಳ ಹಿಂದೆ ರೋಮ್ ಪಟ್ಟಣದಲ್ಲಿ ಪದವಿಗೆ ನಿಂತವನು ಸೀಮೆಸುಣ್ಣ ತಿಕ್ಕಿ ಬೆಳ್ಳಗೆ ಮಾಡಿದ ನಿಲುವಂಗಿ ತೊಟ್ಟು ಜನರ ನಡುವೆ ಬರುತ್ತಿದ್ದನು. ‘ಕ್ಯಾಂಡಿಡೇಟ್’ ಎಂಬ ಮಾತು ಹುಟ್ಟಿದ್ದು ಆ ಬಿಳಿ ಬಟ್ಟೆಯಿಂದಲೇ. ಅವನ ಪಕ್ಕದಲ್ಲಿ ಒಬ್ಬ ಗುಲಾಮನಿದ್ದು, ಎದುರು ಬಂದವನ ಹೆಸರನ್ನು ಒಡೆಯನ ಕಿವಿಯಲ್ಲಿ ಹೇಳುತ್ತಿದ್ದನು. ಒಡೆಯನು ಹಳೆಯ ಗೆಳೆಯನಂತೆ ಆ ಹೆಸರು ಹಿಡಿದು ಮಾತನಾಡಿಸುತ್ತಿದ್ದನು.

ಸತ್ಯವೇದದಲ್ಲಿ ನಾವು ಓದುವುದು ಕೈಸರರ ರೋಮ್. ಔಗುಸ್ತನ ಕಾಲದ ಖಾನೇಷುಮಾರಿ, ತಿಬೇರಿಯನ ಕಾಲದ ಪಿಲಾತನ ನ್ಯಾಯಸ್ಥಾನ, ಇವು ನಮಗೆ ಗೊತ್ತು. ಆದರೆ ಕೈಸರರಿಗೆ ಮುಂಚೆ ಸುಮಾರು ಐನೂರು ವರ್ಷ ಅಲ್ಲಿ ಅರಸನಿರಲಿಲ್ಲ. ವರ್ಷಕ್ಕೊಮ್ಮೆ ಜನರು ಮತ ಹಾಕಿ ಇಬ್ಬರು ಕಾನ್ಸಲರನ್ನು ಆರಿಸುತ್ತಿದ್ದರು. ಹೆಂಗಸರಿಗೂ ಗುಲಾಮರಿಗೂ ಮತವಿರಲಿಲ್ಲ, ಹಣವಂತರ ಮತಕ್ಕೆ ತೂಕ ಹೆಚ್ಚು, ನಿಜ. ಆದರೂ ಬಡವನ ಕೈಯಲ್ಲಿ ಮತವೆಂಬುದೊಂದು ಇತ್ತು. ಅದು ಹೇಗೆ ಕೈತಪ್ಪಿತು ಎಂಬುದನ್ನು ದುಡಿಯುವ ಜನರಾದ ನಾವು ತಿಳಿದುಕೊಳ್ಳಬೇಕು.

ಕೈಸರನು ಕತ್ತಿ ಹಿಡಿದು ಬಂದು ಕಿತ್ತುಕೊಂಡನೆಂದರೆ ಕಥೆ ಪೂರ್ತಿಯಾಗದು. ಅದಕ್ಕೆ ಮುಂಚೆಯೇ ಮತವು ಮಾರಾಟವಾಗಿತ್ತು. ಕ್ರಿ.ಪೂ. 139ರಲ್ಲಿಯೇ ಗುಪ್ತ ಮತದಾನದ ಕಾನೂನು ಬಂದಿತ್ತು. ಲಂಚ ಕೊಟ್ಟವರನ್ನು ಶಿಕ್ಷಿಸುವ ಕಾನೂನುಗಳೂ ಒಂದರ ಮೇಲೊಂದು ಬಂದವು. ಆದರೂ ಮತದಾರರ ಗುಂಪು ಗುಂಪಿಗೆ ಹಣ ಹಂಚುವುದನ್ನೇ ಕಸುಬು ಮಾಡಿಕೊಂಡವರಿದ್ದರು. ಕ್ರಿ.ಪೂ. 54ರ ಚುನಾವಣೆಯಲ್ಲಿ ಅಭ್ಯರ್ಥಿಗಳು ಎಷ್ಟು ಸಾಲ ಎತ್ತಿದರೆಂದರೆ ಪಟ್ಟಣದಲ್ಲಿ ಬಡ್ಡಿಯ ದರ ವರ್ಷಕ್ಕೆ ನೂರಕ್ಕೆ 4ರಿಂದ 8ಕ್ಕೆ ಏರಿತು.

ಸಾಲ ಮಾಡಿ ಹಂಚಿದವನು ಎಲ್ಲಿಂದ ತೀರಿಸುವನು? ಜೂಲಿಯಸ್ ಕೈಸರನು ಪದವಿಗಾಗಿ, ಜನರ ಮೆಚ್ಚುಗೆಯ ಆಟ ಉತ್ಸವಗಳಿಗಾಗಿ ಮಾಡಿದ ಸಾಲ ಬೆಟ್ಟದಷ್ಟಿತ್ತು. ಕ್ರಿ.ಪೂ. 61ರಲ್ಲಿ ಅವನು ಅಧಿಕಾರಿಯಾಗಿ ಸ್ಪೇನಿಗೆ ಹೊರಟಾಗ ಸಾಲ ಕೊಟ್ಟವರು ಅಡ್ಡ ಬಂದರು. ಮಹಾ ಧನಿಕನಾದ ಕ್ರಾಸಸ್ ಜಾಮೀನು ನಿಂತನು. ಮರುವರ್ಷವೇ ಕೈಸರ, ಕ್ರಾಸಸ್, ಸೇನಾಪತಿ ಪಾಂಪೆ ಮೂವರೂ ಸೇರಿ ರಾಜ್ಯವನ್ನು ತಮ್ಮೊಳಗೆ ನಡೆಸಿಕೊಳ್ಳುವ ಒಪ್ಪಂದ ಮಾಡಿಕೊಂಡರು. ಹಣದ ಹಿಂದೆ ಗೂಂಡಾಗಳು ಬಂದರು; ಗೂಂಡಾಗಳನ್ನು ಅಡಗಿಸಲು ಸೈನ್ಯ ಬಂತು. ಕ್ರಿ.ಪೂ. 53 ಆರಂಭವಾದಾಗ ಕಾನ್ಸಲರೇ ಇರಲಿಲ್ಲ. 49ರಲ್ಲಿ ಕೈಸರನು ಸೈನ್ಯದೊಡನೆ ರೂಬಿಕಾನ್ ಹೊಳೆ ದಾಟಿದನು. 44ರಲ್ಲಿ ಅವನ ಕೊಲೆಯಾಯಿತು. ಅವನ ಹೆಸರು ಹೇಳಿಕೊಂಡೇ ಆಂಟನಿಯೂ ಒಕ್ಟೇವಿಯನನೂ ಬಡಿದಾಡಿ, 31ರಲ್ಲಿ ಆಕ್ಟಿಯಮ್ ಸಮುದ್ರಯುದ್ಧದಲ್ಲಿ ಒಕ್ಟೇವಿಯನನು ಗೆದ್ದನು. ಅವನೇ ಔಗುಸ್ತ ಕೈಸರ. ಕ್ರಿ.ಶ. 14ರಲ್ಲಿ ತಿಬೇರಿಯನು ಪಟ್ಟಕ್ಕೆ ಬಂದಾಗ ಅಧಿಕಾರಿಗಳ ಆಯ್ಕೆಯನ್ನು ಜನರಿಂದ ತೆಗೆದು ಸೆನೆಟಿಗೆ ಒಪ್ಪಿಸಲಾಯಿತು. ಜನರು ಸ್ವಲ್ಪ ಗೊಣಗಿದರು, ಅಷ್ಟೇ. ಮಾರಿ ಮಾರಿ ಹಗುರವಾದ ವಸ್ತುವಿಗಾಗಿ ಯಾರು ಹೋರಾಡುವರು?

ಈಗ ನಮ್ಮ ಸೀಮೆಯನ್ನು ನೋಡೋಣ. ನಾಯಕನು ಸತ್ತ ಮೇಲೆ ವಾರಸುದಾರರ ಜಗಳ ನಮಗೂ ಹೊಸದಲ್ಲ. 1987ರ ಡಿಸೆಂಬರ್ 24ರಂದು ಎಂ.ಜಿ.ಆರ್. ತೀರಿಕೊಂಡರು. ಅವರ ಹೆಸರಿನಲ್ಲಿಯೇ ಜಾನಕಿಯವರ ಬಣ, ಜಯಲಲಿತಾ ಅವರ ಬಣ ಎಂದು ಪಕ್ಷ ಒಡೆಯಿತು. 1988ರ ಜನವರಿ 28ರಂದು ವಿಧಾನಸಭೆಯೊಳಗೇ ಹೊಡೆದಾಟವಾಗಿ, ಎರಡು ದಿನಗಳಲ್ಲಿ ರಾಷ್ಟ್ರಪತಿ ಆಳ್ವಿಕೆ ಬಂತು. ಇಷ್ಟರ ಮಟ್ಟಿಗೆ ರೋಮಿಗೂ ನಮಗೂ ವ್ಯತ್ಯಾಸವಿಲ್ಲ. ವ್ಯತ್ಯಾಸವಿರುವುದು ಮುಂದೆ. ಆ ಜಗಳವನ್ನು ತೀರಿಸಿದ್ದು ಹಡಗು ಕತ್ತಿಗಳಲ್ಲ, 1989ರ ಚುನಾವಣೆ. ಇಬ್ಬರನ್ನೂ ಬಿಟ್ಟು ಜನರು ಡಿ.ಎಂ.ಕೆ.ಯನ್ನು ಗೆಲ್ಲಿಸಿದರು.

ಇನ್ನೂ ಹತ್ತಿರದ ಸಾಕ್ಷಿ ಬರಗೂರು. ಆಗ ಧರ್ಮಪುರಿ ಜಿಲ್ಲೆಯಲ್ಲಿದ್ದು, 2004ರಲ್ಲಿ ಕೃಷ್ಣಗಿರಿ ಜಿಲ್ಲೆಗೆ ಸೇರಿದ ಊರು ಅದು. 1991ರಲ್ಲಿ ಬರಗೂರಿನಿಂದ ಗೆದ್ದೇ ಜಯಲಲಿತಾ ಮೊದಲ ಬಾರಿ ಮುಖ್ಯಮಂತ್ರಿಯಾದರು. 1996ರಲ್ಲಿ ಅದೇ ಬರಗೂರು ಅವರನ್ನು 8,366 ಮತಗಳಿಂದ ಸೋಲಿಸಿ, ಇ.ಜಿ. ಸುಗವನಂ ಅವರನ್ನು ಆರಿಸಿತು. ಹೊಲಗೇಯುವವರು, ಕಲ್ಲು ಒಡೆಯುವವರು ಆಳುತ್ತಿದ್ದವರನ್ನು ಒಂದೇ ದಿನದಲ್ಲಿ ಇಳಿಸಿದರು. 2001ರಲ್ಲಿ ಅವರ ಪಕ್ಷವನ್ನು ಮರಳಿ ತಂದುದೂ ಮತವೇ. ರೋಮಿನ ಬಡವನಿಗೆ ಕೊನೆಗೆ ಉಳಿಯದ ಬಲ ಇದು.

ಈ ಬಲವನ್ನು ನಾವು ಉಳಿಸಿಕೊಳ್ಳುತ್ತಿದ್ದೇವೆಯೇ? ಹಣ ಹಂಚಿಕೆಯ ಕಾರಣಕ್ಕಾಗಿ ಚುನಾವಣಾ ಆಯೋಗವು 2016ರಲ್ಲಿ ಅರವಕುರಿಚಿ, ತಂಜಾವೂರುಗಳ, 2017ರಲ್ಲಿ ಚೆನ್ನೈಯ ಆರ್.ಕೆ. ನಗರದ, 2019ರಲ್ಲಿ ವೇಲೂರಿನ ಮತದಾನಗಳನ್ನು ರದ್ದು ಮಾಡಬೇಕಾಯಿತು. 2021ರಲ್ಲಿ ಕೃಷ್ಣಗಿರಿ ವಿಧಾನಸಭಾ ಕ್ಷೇತ್ರದಲ್ಲಿ ಸೋಲು ಗೆಲುವಿನ ಅಂತರ 794 ಮತಗಳು. ಒಂದು ಕಾರ್ಖಾನೆಯ ಒಂದು ಶಿಫ್ಟಿನ ಜನರಿಗಿಂತ ಹೆಚ್ಚಲ್ಲ. ‘ನನ್ನೊಬ್ಬನ ಮತದಿಂದ ಏನಾದೀತು, ಬಂದ ಹಣ ಬರಲಿ’ ಎನ್ನುವವರು ಈ ಲೆಕ್ಕವನ್ನು ನೆನೆಯಲಿ. ಕೈಗೆ ಬಂದ ನೋಟು ಒಂದು ವಾರದ ಸಾಮಾನಿಗೆ ಸಾಲದು; ಕೊಟ್ಟವನು ಅದನ್ನು ಐದು ವರ್ಷ ನಮ್ಮ ನೀರಿನಲ್ಲಿ, ರಸ್ತೆಯಲ್ಲಿ, ಆಸ್ಪತ್ರೆಯಲ್ಲಿ ವಸೂಲು ಮಾಡುವನು.

ಮತ ಹಾಕಿದ ಮೇಲೆಯೂ ಕೆಲಸ ಮುಗಿಯದು. ಕ್ರಿ.ಪೂ. 494ರಲ್ಲಿ ಸಾಲದಲ್ಲಿ ಬೆಂದ ರೋಮಿನ ಬಡವರು ಒಟ್ಟಾಗಿ ಪಟ್ಟಣ ಬಿಟ್ಟು ಗುಡ್ಡವೊಂದರ ಮೇಲೆ ಹೋಗಿ ಕುಳಿತರೆಂದು ಅಲ್ಲಿನ ಇತಿಹಾಸಕಾರರು ಬರೆದಿದ್ದಾರೆ. ಇಂದಿನ ಮಾತಿನಲ್ಲಿ ಅದು ಮುಷ್ಕರ. ಅದರಿಂದ ಅವರಿಗೆ ‘ಟ್ರಿಬ್ಯೂನ್’ ಎಂಬ ತಮ್ಮದೇ ಪ್ರತಿನಿಧಿಗಳು ದೊರೆತರು. ಅವರು ‘ಕೂಡದು’ ಎಂದರೆ ದೊಡ್ಡವರ ಆಜ್ಞೆಯೂ ನಿಲ್ಲುತ್ತಿತ್ತು. ಕ್ರಿ.ಪೂ. 23ರಲ್ಲಿ ಔಗುಸ್ತನು ಆ ಅಧಿಕಾರವನ್ನೂ ತಾನೇ ವಹಿಸಿಕೊಂಡನು. ಬಡವರ ಪರವಾಗಿ ‘ಕೂಡದು’ ಎನ್ನುವ ಬಾಯಿ ಆಳುವವನದೇ ಆಯಿತು.

ನಮ್ಮ ಬಾಯಿ ಇನ್ನೂ ನಮ್ಮದೇ. 2023ರ ಏಪ್ರಿಲ್ 21ರಂದು ಕಾರ್ಖಾನೆಗಳಲ್ಲಿ ದಿನಕ್ಕೆ 12 ಗಂಟೆ ದುಡಿಸಲು ಅವಕಾಶ ಕೊಡುವ ತಿದ್ದುಪಡಿ ತಮಿಳುನಾಡು ವಿಧಾನಸಭೆಯಲ್ಲಿ ಅಂಗೀಕಾರವಾಯಿತು. ನಮ್ಮ ಸಿಪ್ಕಾಟಿನ ಪ್ರತಿಯೊಬ್ಬ ಕಾರ್ಮಿಕನಿಗೂ ಸಂಬಂಧಪಟ್ಟ ಮಾತು ಅದು. ಕಾರ್ಮಿಕ ಸಂಘಗಳು ಪಕ್ಷಭೇದವಿಲ್ಲದೆ ಎದ್ದವು; ಆಳುವ ಪಕ್ಷದ ಮಿತ್ರರೂ ವಿರೋಧಿಸಿದರು. ಮೂರೇ ದಿನಗಳಲ್ಲಿ ಅದನ್ನು ತಡೆಹಿಡಿಯಲಾಯಿತು. ಮೇ 1ರಂದು ಅಂದಿನ ಮುಖ್ಯಮಂತ್ರಿ ಎಂ.ಕೆ. ಸ್ಟಾಲಿನ್ ಅದನ್ನು ಹಿಂತೆಗೆದುಕೊಂಡುದಾಗಿ ಸಾರಿದರು. ಮತದ ಹಿಂದೆ ಸಂಘಟನೆ ಇದ್ದರೆ ಇಷ್ಟಾಗುತ್ತದೆ.

ಆದುದರಿಂದ ಸಹೋದರ ಸಹೋದರಿಯರೇ, ಯಾವ ಪಕ್ಷಕ್ಕೆ ಮತ ಹಾಕಬೇಕೆಂದು ಈ ಪತ್ರಿಕೆ ಹೇಳದು. ಅದು ನಿಮ್ಮ ನಿಮ್ಮ ಮನಸ್ಸಾಕ್ಷಿಗೆ ಬಿಟ್ಟದ್ದು. ಬಿಳಿ ಬಟ್ಟೆಯವರು ಬಾಗಿಲಿಗೆ ಬಂದಾಗ ಅವರ ಕೈಯನ್ನು ನೋಡಬೇಡಿರಿ, ಪ್ರಶ್ನೆ ಕೇಳಿರಿ. ಕಾಂಟ್ರಾಕ್ಟ್ ಕೆಲಸದವರನ್ನು ಖಾಯಂ ಮಾಡುವ ಬಗ್ಗೆ ಏನು ಹೇಳುತ್ತೀರಿ? ಹನ್ನೆರಡು ಗಂಟೆಯ ಮಾತು ಮತ್ತೆ ಬಂದರೆ ಯಾವ ಕಡೆ ನಿಲ್ಲುತ್ತೀರಿ? ಉತ್ತರವನ್ನು ನೆನಪಿಟ್ಟುಕೊಳ್ಳಿರಿ. ಗೆದ್ದ ಮೇಲೆ ಗುಂಪಾಗಿ ಹೋಗಿ ಅದೇ ಪ್ರಶ್ನೆಯನ್ನು ಮತ್ತೆ ಕೇಳಿರಿ.