ಸ್ಪೈರಲ್ ಬೈಂಡ್ ಮಾಡಿದ ಬ್ರಹ್ಮಾಂಡ

ಉಡುಪಿ ಜಿಲ್ಲೆಯಲ್ಲಿ ಸುದ್ದಿ ಮಾಡುವ ನಮ್ಮಂಥವರ ಕೈಗೆ ಆಗೊಮ್ಮೆ ಈಗೊಮ್ಮೆ ಒಂದು ಕಟ್ಟು ಬರುತ್ತದೆ. ಎ4 ಹಾಳೆ, ಸ್ಪೈರಲ್ ಬೈಂಡ್, ಮೇಲೊಂದು ಪ್ಲಾಸ್ಟಿಕ್ ಹೊದಿಕೆ. ಒಳಗೆ ತ್ರಿಕೋನ, ಗೋಳ, ಸುರುಳಿ. ಅವುಗಳಿಂದ ಎಲೆಕ್ಟ್ರಾನ್, ಕ್ವಾರ್ಕ್, ಕೊನೆಗೆ ಇಡೀ ಬ್ರಹ್ಮಾಂಡ. ಬರೆದವರು ಬ್ಯಾಂಕಿನಿಂದ ನಿವೃತ್ತರಾದವರು, ಹೈಸ್ಕೂಲಿನಲ್ಲಿ ಲೆಕ್ಕ ಕಲಿಸಿದ ಮಾಸ್ಟ್ರು, ಮುಂಬಯಿಯಲ್ಲಿ ಮೂವತ್ತು ವರ್ಷ ದುಡಿದು ಊರಿಗೆ ಮರಳಿದವರು. ಅವರಿಗೆ ಬೇಕಾದ್ದು ಒಂದು ಸುದ್ದಿ, ಡೆಸ್ಕಿಗೆ ಬೇಕಾದ್ದು ಒಂದು ಶೀರ್ಷಿಕೆ. ಎರಡೂ ಕೂಡಿದರೆ ‘ಐನ್‌ಸ್ಟೈನ್‌ಗೆ ಕಾರ್ಕಳದ ಸವಾಲು’ ಎಂದು ಪುಟ ಮೂರರಲ್ಲಿ ಶಾಲು ಹೊದ್ದ ಫೋಟೋ ಸಮೇತ ಬರುತ್ತದೆ. ಕೂಡದಿದ್ದರೆ ಪ್ರೆಸ್‌ಮೀಟ್ ಮುಗಿದ ಮೇಲಿನ ಚಾಕ್ಕೆ ಒಂದು ತಮಾಷೆಯಾಗುತ್ತದೆ.

ಈ ಎರಡೂ ಸೋಮಾರಿತನವೇ ಎಂಬುದು ನಮ್ಮ ವಾದ. ಕಟ್ಟನ್ನು ಓದದೆ ಹೊಗಳುವುದೂ ಓದದೆ ನಗುವುದೂ ಒಂದೇ ಕೆಲಸ.

ಮೊದಲಿಗೆ, ಆಕಾರಗಳಿಂದ ಕಣಗಳನ್ನು ಕಟ್ಟುವ ಆಸೆ ಹುಚ್ಚಲ್ಲ. ಕಾರ್ಕಳದಲ್ಲಿ 1586ರಲ್ಲಿ ಕಟ್ಟಿದ ಚತುರ್ಮುಖ ಬಸದಿಯನ್ನು ನೋಡಿದವರಿಗೆ ಇದನ್ನು ಹೇಳುವುದು ಸುಲಭ. ನಾಲ್ಕು ದಿಕ್ಕಿಗೆ ನಾಲ್ಕು ಬಾಗಿಲು, ಪ್ರತಿ ಬಾಗಿಲಿನೆದುರೂ ಮೂರು ತೀರ್ಥಂಕರರು. ಇಡೀ ಕಟ್ಟಡವನ್ನು ಕಾಲು ಸುತ್ತು ತಿರುಗಿಸಿಟ್ಟರೆ ಹೊರಗೆ ನಿಂತವರಿಗೆ ಗೊತ್ತಾಗದು. ಕಾಪುವಿನ ದೀಪಸ್ತಂಭ ಇನ್ನೂ ಒಂದು ಹೆಜ್ಜೆ ಮುಂದೆ: ಅದು ದುಂಡಗಿನ ಗೋಪುರ, ಎಷ್ಟು ಡಿಗ್ರಿ ತಿರುಗಿಸಿದರೂ ಹಾಗೆಯೇ ಕಾಣುತ್ತದೆ. ಹೀಗೆ ‘ತಿರುಗಿಸಿದರೂ ಬದಲಾಗದು’ ಎಂಬ ಗುಣಕ್ಕೆ ಸಮ್ಮಿತಿ ಎನ್ನುತ್ತಾರೆ. ಇಂದಿನ ಕಣಭೌತವಿಜ್ಞಾನ ನಿಂತಿರುವುದೇ ಇದರ ಮೇಲೆ. ಬಸದಿಯ ಪಶ್ಚಿಮ ಮುಖದಲ್ಲಿ ಮಾತ್ರ 24 ತೀರ್ಥಂಕರರ ಚಿಕ್ಕ ಬಿಂಬಗಳಿವೆ. ಒಳಗೆ ಹೋದವರಿಗೆ ದಿಕ್ಕು ತಿಳಿಯುತ್ತದೆ. ಪ್ರಕೃತಿಯ ಸಮ್ಮಿತಿಗಳಲ್ಲೂ ಎಷ್ಟೋ ಹೀಗೆಯೇ, ದೂರಕ್ಕೆ ಪೂರ್ತಿ, ಹತ್ತಿರಕ್ಕೆ ಮುರಿದದ್ದು.

ಆಕಾರ ನೋಡಿ ಕಣವನ್ನು ಮೊದಲೇ ಹೇಳಿದ್ದೂ ಉಂಟು. ಮರ್ರೆ ಗೆಲ್‌ಮನ್ ಒಂದು ಗುಂಪಿನ ಕಣಗಳನ್ನು ತ್ರಿಕೋನದಲ್ಲಿ ಜೋಡಿಸಿದರು: ಸಾಲಿಗೆ ನಾಲ್ಕು, ಮೂರು, ಎರಡು. ತುದಿ ಖಾಲಿ. ಅಲ್ಲೊಂದು ಕಣ ಇರಲೇಬೇಕು, ಅದರ ತೂಕ ಸುಮಾರು ಇಷ್ಟಿರಬೇಕು ಎಂದು 1962ರಲ್ಲಿ ಹೇಳಿದರು. 1964ರಲ್ಲಿ ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ ಆ ಒಮೆಗಾ ಮೈನಸ್ ಸಿಕ್ಕಿತು. ಆಕಾರ ಚಂದವಿದೆ ಎಂದು ಯಾರೂ ಅದನ್ನು ಒಪ್ಪಲಿಲ್ಲ, ಖಾಲಿ ಮೂಲೆಗೆ ಹೇಳಿದ್ದು ಬಂದು ಕೂತಿತು ಎಂದು ಒಪ್ಪಿದರು.

ನಮ್ಮ ಕಟ್ಟುಗಳಿಗೆ ಹೆಚ್ಚು ಹತ್ತಿರದ ಕಥೆ ಗ್ಯಾರೆಟ್ ಲಿಸಿ ಅವರದು. ಪಿಎಚ್‌ಡಿ ಮಾಡಿದವರು, ಆದರೆ ಯಾವ ವಿಶ್ವವಿದ್ಯಾಲಯದ ಕೆಲಸವೂ ಇರಲಿಲ್ಲ. ಹವಾಯಿಯಲ್ಲಿ ಸರ್ಫಿಂಗ್ ಮಾಡಿಕೊಂಡಿದ್ದರು. (ಸರ್ಫಿಂಗ್ ಎಂದರೇನೆಂದು ಮೂಲ್ಕಿ–ಕಾಪು ಕಡೆಯವರಿಗೆ ಈಗ ಬಿಡಿಸಿ ಹೇಳಬೇಕಿಲ್ಲ.) 2007ರ ನವೆಂಬರಿನಲ್ಲಿ ಇ8 ಎಂಬ, 248 ಆಯಾಮಗಳ ಸಮ್ಮಿತಿಯೊಳಗೆ ಎಲ್ಲ ಕಣಗಳನ್ನೂ ಗುರುತ್ವವನ್ನೂ ಕೂರಿಸಿದ ಲೇಖನ ಹಾಕಿದರು. ಪತ್ರಿಕೆಗಳು ಅಲೆ ಏರುವ ಯುವಕನನ್ನು ಕಂಡವು, ಲೇಖನವನ್ನು ಕಾಣಲಿಲ್ಲ. ಮೂರು ತಲೆಮಾರಿನ ಕಣಗಳ ಲೆಕ್ಕ ಪೂರ್ತಿ ಕೂಡಿಲ್ಲವೆಂದು ಲಿಸಿ ಅದರಲ್ಲೇ ಬರೆದಿದ್ದರು. 2010ರಲ್ಲಿ ಜಾಕ್ ಡಿಸ್ಲರ್ ಮತ್ತು ಸ್ಕಿಪ್ ಗರಿಬಾಲ್ಡಿ ಇನ್ನೂ ಆಳದ ತೊಡಕನ್ನು ಗಣಿತದಿಂದ ತೋರಿಸಿದರು. ಶಂಖದಲ್ಲಿ ಎಡಮುರಿ, ಬಲಮುರಿ ಇರುವಂತೆ ಕಣಗಳಲ್ಲೂ ಇದೆ. ಪ್ರಕೃತಿಯ ದುರ್ಬಲ ಬಲ ಎಡಮುರಿಯನ್ನು ಮಾತ್ರ ಮುಟ್ಟುತ್ತದೆ. ಇ8ರೊಳಗೆ ಕೂರಿಸಿದರೆ ಪ್ರತಿ ಎಡಮುರಿಗೂ ಒಂದು ಬಲಮುರಿ ಜೋಡಿ ಬಂದೇ ಬರುತ್ತದೆ. ಅಂಥ ಜೋಡಿ ಲೋಕದಲ್ಲಿ ಕಂಡಿಲ್ಲ.

ಇ8ರ 240 ಬಿಂದುಗಳ ಚಿತ್ರ ನೋಡಲು ಮಂಡಲದಂತಿದೆ. ನಾಗಮಂಡಲದ ಫೋಟೋ ಪಕ್ಕದಲ್ಲಿಟ್ಟು ‘ನಮ್ಮ ಹಿರಿಯರಿಗೆ ಗೊತ್ತಿತ್ತು’ ಎಂದರೆ ವಾಟ್ಸ್ಆ್ಯಪ್‌ನಲ್ಲಿ ಅದು ಮಲ್ಪೆಯಿಂದ ಹೆಬ್ರಿಗೆ ಅರ್ಧ ಗಂಟೆಯಲ್ಲಿ ತಲುಪೀತು. ಮಂಡಲ ಬರೆಯುವವರ ಕೈಚಳಕಕ್ಕೆ ಆ ಹೊಗಳಿಕೆ ಬೇಡ ಮಾರಾಯ್ರೆ, ಅದು ತನ್ನಷ್ಟಕ್ಕೇ ದೊಡ್ಡದು.

ಕಟ್ಟು ತರುವವರೆಲ್ಲ ರಾಮಾನುಜನ್ ಹೆಸರು ಹೇಳುತ್ತಾರೆ. ನಾವು ಹೇಳುವ ಹೆಸರು ಯೋಹಾನ್ ಬಾಮರ್. ಸ್ವಿಟ್ಜರ್ಲೆಂಡಿನ ಬಾಸೆಲ್‌ನವರು, ನಮ್ಮ ಮಾಡಿನ ಹೆಂಚಿನ ಮೇಲೆ ಹೆಸರು ಒತ್ತಿರುವ ಅದೇ ಬಾಸೆಲ್. ಹುಡುಗಿಯರ ಶಾಲೆಯ ಮಾಸ್ಟ್ರು. 1885ರಲ್ಲಿ, 60ರ ವಯಸ್ಸಿನಲ್ಲಿ, ಹೈಡ್ರೋಜನ್ ಬೆಳಕಿನ ನಾಲ್ಕು ಗೆರೆಗಳ ಅಳತೆ ಹಿಡಿದು ಕೂತರು. 3645.6 ಎಂಬ ಒಂದೇ ಸಂಖ್ಯೆಯನ್ನು 9/5, 4/3, 25/21, 9/8ರಿಂದ ಗುಣಿಸಿದರೆ ನಾಲ್ಕೂ ಬರುತ್ತವೆ. ಐದನೆಯದು 49/45 ಆಗಬೇಕು, ಗೆರೆ 3969ರ ಆಚೀಚೆ ಇರಬೇಕು. ಅದು ಆಗಲೇ ಅಳೆದಾಗಿದೆ, ಮುಂದಿನವೂ ಇವೆ ಎಂದು ಅದೇ ಊರಿನ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಹಾಗೆನ್‌ಬಾಖ್ ತಿಳಿಸಿದರು. ಸೂತ್ರ ಅವಕ್ಕೂ ಹೊಂದಿತು. ಯಾಕೆ ಹೊಂದುತ್ತದೆ ಎಂದು ನೀಲ್ಸ್ ಬೋರ್ ಹೇಳಿದ್ದು 28 ವರ್ಷಗಳ ಮೇಲೆ.

ಈ ಕಥೆಯಲ್ಲಿ ನಮಗೆ ಬೇಕಾದ ಪಾತ್ರ ಹಾಗೆನ್‌ಬಾಖ್. ಬಾಮರ್‌ಗೆ ಒಬ್ಬ ಓದುಗ ಇದ್ದ. ಬೆಂಗಳೂರಿನಲ್ಲೂ ಒಂದು ಕಾಲಕ್ಕೆ ಹಾಗಿತ್ತು. ಸೆಂಟ್ರಲ್ ಕಾಲೇಜಿನ ಬಿ.ಎಸ್. ಮಾಧವರಾವ್ ಅವರು ವಿ.ಆರ್. ತಿರುವೆಂಕಟಾಚಾರ್ ಮತ್ತು ಕೆ. ವೆಂಕಟಾಚಲಯ್ಯಂಗಾರ್ ಜತೆ ಮೂಲಕಣಗಳ ಬೀಜಗಣಿತದ ಮೇಲೆ ಬರೆದ ಲೇಖನ 1946ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಬಂತು. ಅದಕ್ಕೆ ಹತ್ತು ವರ್ಷ ಮೊದಲು ಮ್ಯಾಕ್ಸ್ ಬಾರ್ನ್ ಅದೇ ಊರಿನ ವಿಜ್ಞಾನ ಸಂಸ್ಥೆಯಲ್ಲಿ ಕೆಲ ತಿಂಗಳು ಇದ್ದರು. ಮೇಜಿನ ಆಚೆ ಕೂತು ‘ಈ ಸಾಲು ಹೇಗೆ ಬಂತು?’ ಎಂದು ಕೇಳುವವರು ಇದ್ದರು.

ಕಾರ್ಕಳದ ಮಾಸ್ಟ್ರಿಗೆ ಅದಿಲ್ಲ. ಪ್ರಾಧ್ಯಾಪಕರಿಗೆ ಕಳಿಸಿದ ಇ–ಮೇಲ್‌ಗೆ ಉತ್ತರ ಬರುವುದಿಲ್ಲ. ಉತ್ತರ ಬರುವುದು ದುಡ್ಡು ಕೊಟ್ಟರೆ ಅಚ್ಚು ಹಾಕುವ ‘ಅಂತಾರಾಷ್ಟ್ರೀಯ’ ಜರ್ನಲ್‌ಗಳಿಂದ, ಮತ್ತು ನಮ್ಮಿಂದ. ಪಿಂಚಣಿಯ ದುಡ್ಡು ಒಂದು ಕಡೆ ಹೋಗುತ್ತದೆ, ಮರ್ಯಾದೆ ಇನ್ನೊಂದು ಕಡೆ. ನಮ್ಮ ಸುದ್ದಿಯ ಕಟಿಂಗ್ ಲ್ಯಾಮಿನೇಟ್ ಆಗಿ ಮುಂದಿನ ಕಟ್ಟಿನ ಮೊದಲ ಹಾಳೆಯಾಗುತ್ತದೆ. ಅಂದರೆ ಸಾಕ್ಷಿಯಾಗುತ್ತದೆ. ಕಾಲಂ ಸೆಂಟಿಮೀಟರಿಗೆ ಇಷ್ಟು ಎಂದು ಸಿಗುವ ದುಡ್ಡಿಗೆ ನಾವು ಕೊಡುತ್ತಿರುವುದು ಅದನ್ನು.

ಹಾಗಾದರೆ ಮಾಡಬೇಕಾದ್ದೇನು? ಬರೆಯುವ ಮೊದಲು ಕೇಳಬಹುದಾದ ಪ್ರಶ್ನೆಗಳಿವೆ, ಅದಕ್ಕೆ ಎಂಎಸ್ಸಿ ಬೇಕಿಲ್ಲ. ಮ್ಯುಯಾನ್ ಎಂಬ ಕಣ ಎಲೆಕ್ಟ್ರಾನಿಗಿಂತ ಸುಮಾರು 207 ಪಟ್ಟು ಭಾರ. ನಿಮ್ಮ ಆಕಾರದಿಂದ ಆ ಸಂಖ್ಯೆ ತಾನಾಗಿ ಬರುತ್ತದೆಯೋ, ಬರಲಿ ಎಂದು ನೀವೇ ಮಡಚಿದ್ದೋ? ಕೈಯಾರೆ ಹಾಕಿದ ಸಂಖ್ಯೆಗಳೆಷ್ಟು, ಹೊರಬಂದವೆಷ್ಟು? ಬಾಮರ್ ಒಂದು ಹಾಕಿ ನಾಲ್ಕು ತೆಗೆದರು, ಆಮೇಲೆ ಐದನೆಯದನ್ನು. ಎಡ–ಬಲದ ವ್ಯತ್ಯಾಸ ಎಲ್ಲಿದೆ? ಯಾವ ಅಳತೆ ಬಂದರೆ ‘ನನ್ನದು ತಪ್ಪು’ ಎನ್ನುತ್ತೀರಿ? ಈ ಕೊನೆಯದಕ್ಕೆ ಸಿಟ್ಟು ಬಂದರೆ ಸುದ್ದಿ ಬೇಡ. ಉತ್ತರ ಬಂದರೆ ಕಟ್ಟನ್ನು ಹಿಡಿದು ಮಣಿಪಾಲಕ್ಕೆ ಹೋಗೋಣ.

ಉಡುಪಿಯಿಂದ ಮಣಿಪಾಲಕ್ಕೆ ಸಿಟಿ ಬಸ್ಸಿದೆ. ಅಲ್ಲಿ ಭೌತವಿಜ್ಞಾನ ಕಲಿಸುವವರಿದ್ದಾರೆ, ಕಲಿಯುವ ಮಕ್ಕಳಿದ್ದಾರೆ. ತಿಂಗಳಿಗೊಂದು ಶನಿವಾರ ಮಧ್ಯಾಹ್ನ, ಒಂದು ಕೋಣೆ, ಒಂದು ಕಪ್ಪುಹಲಗೆ, ಇಬ್ಬರು ಸಂಶೋಧನಾ ವಿದ್ಯಾರ್ಥಿಗಳು. ಯಾರು ಬೇಕಾದರೂ ಕಟ್ಟು ತರಲಿ. ಹತ್ತರಲ್ಲಿ ಹತ್ತೂ ಮೂರನೇ ಪುಟದಲ್ಲೇ ನಿಲ್ಲಬಹುದು. ಆದರೆ ಆ ಮೂರನೇ ಪುಟ ಯಾವುದೆಂದು ಬರೆದವರಿಗೆ ಮೊದಲ ಸಲ ತಿಳಿಯುತ್ತದೆ. ನೋಡುವ ಮಕ್ಕಳಿಗೂ ಪಠ್ಯದಲ್ಲಿ ಸಿಗದ ಪಾಠ ಅದು. ವಿಭಾಗಗಳಿಗೆ ಪತ್ರ ಬರೆಯುವ ಕೆಲಸ ಜಿಲ್ಲೆಯ ಪತ್ರಕರ್ತರ ಸಂಘದ್ದಾಗಲಿ ಎಂದು ಕೇಳುತ್ತಿದ್ದೇವೆ. ಅಂಥ ಶನಿವಾರ ಶುರುವಾದರೆ ವರದಿಗೆ ನಾವು ಬರುತ್ತೇವೆ. ಶಾಲಿನ ಫೋಟೋ ಇರುವುದಿಲ್ಲ, ಕಪ್ಪುಹಲಗೆಯದು ಇರುತ್ತದೆ.