ಆಟ ನಿಂತ ದಿನ

ಮಳೆ ಬಂದರೆ ರೈತನು ಹರ್ಷಿಸುವನು, ಕಪ್ಪೆಯು ಹರ್ಷಿಸುವುದು, ಶಾಲೆಯ ಮಕ್ಕಳಂತೂ ಹೇಳಲೇಬೇಕಾಗಿಲ್ಲ. ಕ್ರಿಕೆಟ್ ಪ್ರಿಯನೊಬ್ಬನೇ ಮೋಡಗಳನ್ನು ಶಪಿಸುತ್ತ ಕುಳಿತಿರುವನು. ೨೦೨೪ನೆಯ ಇಸವಿ ಅಕ್ಟೋಬರ್ ೧೬ನೆಯ ತಾರೀಖು ಬುಧವಾರ ಇಂತಹ ಶಾಪಗ್ರಸ್ತರು ಮೂವರು ಮೈಸೂರಿನ ನಮ್ಮ ಮನೆಯ ಹಜಾರದಲ್ಲಿ ನೆರೆದಿದ್ದರು. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಭಾರತಕ್ಕೂ ನ್ಯೂಜಿಲೆಂಡಿಗೂ ಟೆಸ್ಟ್ ಪಂದ್ಯವು ಅಂದು ಮೊದಲಾಗಬೇಕಾಗಿದ್ದಿತು. ಮೊದಲಾದುದು ಮಳೆ. ನಾಣ್ಯವನ್ನು ಚಿಮ್ಮುವುದಕ್ಕೆ ಕೂಡ ಅವಕಾಶವಾಗದೆ ಅಂದಿನ ಆಟವನ್ನು ಕೈಬಿಟ್ಟರು.

ಮೂವರಲ್ಲಿ ಒಬ್ಬರು ಅಂಚೆ ಇಲಾಖೆಯಿಂದ ನಿವೃತ್ತರಾದ ರಾಯರು, ನಮ್ಮ ನೆರೆಯವರು. ಇನ್ನೊಬ್ಬನು ನಮ್ಮ ತಮ್ಮನ ಮಗ. ಕಂಪ್ಯೂಟರ್ ಕೆಲಸದವನು, ರಜ ಹಾಕಿ ಬಂದಿದ್ದನು. ಮೂರನೆಯವನು ನಮ್ಮ ಬೀದಿಯ ಕೊನೆಯಲ್ಲಿ ಸೈಕಲ್ ಶಾಪ್ ಇಟ್ಟಿರುವ ನಮ್ಮ ಹಳೆಯ ಶಿಷ್ಯ. ಈ ಶಿಷ್ಯನ ವಿಷಯವಾಗಿ ಒಂದು ಮಾತು ಹೇಳಬೇಕಾಗಿದೆ. ೧೯೯೩ರಲ್ಲಿ ಅವನು ನಮ್ಮ ಸಂಸ್ಕೃತದ ತರಗತಿಯಲ್ಲಿದ್ದನು. ರಾಮಶಬ್ದವನ್ನು ತೃತೀಯಾ ವಿಭಕ್ತಿಯಿಂದ ಮುಂದಕ್ಕೆ ಅವನು ಒಂದು ದಿನವೂ ದಾಟಿಸಿದವನಲ್ಲ. ಆದರೆ ಆ ವರ್ಷದ ನವೆಂಬರಿನಲ್ಲಿ ಕಲ್ಕತ್ತೆಯ ಹೀರೋ ಕಪ್ ಅಂತಿಮ ಪಂದ್ಯದಲ್ಲಿ ಅನಿಲ್ ಕುಂಬ್ಳೆ ೧೨ ರನ್ನಿಗೆ ೬ ವಿಕೆಟ್ ತೆಗೆದಾಗ, ಆ ಆರು ಮಂದಿಯ ಹೆಸರನ್ನೂ ಅವರು ಔಟಾದ ಬಗೆಯನ್ನೂ ಕ್ರಮ ತಪ್ಪದೆ ಒಪ್ಪಿಸಬಲ್ಲವನಾಗಿದ್ದನು. ಆ ತಲೆಯಲ್ಲಿ ಸ್ಥಳವಿದೆ, ನಮಗೆ ಮಾತ್ರ ಬಾಡಿಗೆಗೆ ಕೊಡುತ್ತಿಲ್ಲವೆಂದು ಆಗ ನಾವು ಸಹೋದ್ಯೋಗಿಗಳಲ್ಲಿ ಹೇಳಿ ನಕ್ಕದ್ದುಂಟು.

ಆಟವಿಲ್ಲದ ಆಟಪ್ರಿಯರು ಏನು ಮಾಡುವರು? ಸಿನಿಮಾದ ಮಾತನ್ನು ತೆಗೆಯುವರು. ಇದು ನಾವು ಬಹುಕಾಲದಿಂದ ನೋಡಿಕೊಂಡು ಬಂದಿರುವ ಸಂಗತಿ. ಪಕ್ಷ ಹಿಡಿದು ಅಭ್ಯಾಸವಾದ ಮನಸ್ಸಿಗೆ ಪಕ್ಷವೊಂದು ಬೇಕು. ಹನ್ನೊಂದು ಮಂದಿ ಸಿಕ್ಕದಿದ್ದರೆ ಒಬ್ಬ ನಾಯಕನಟನಾದರೂ ಆದೀತು.

ಮೊದಲು ಬಾಯಿ ತೆರೆದವನು ನಮ್ಮ ತಮ್ಮನ ಮಗ. ೧೯೮೩ರ ವಿಶ್ವಕಪ್ಪನ್ನು ಕುರಿತು ೨೦೨೧ರ ಡಿಸೆಂಬರಿನಲ್ಲಿ ಬಂದ ಹಿಂದೀ ಚಿತ್ರವನ್ನು ಅವನು ಹೊಗಳಿದನು. ವಾಚಕರಲ್ಲಿ ಹಿರಿಯರಿಗೆ ಆ ಕಥೆ ನೆನಪಿರಬಹುದು. ಜೂನ್ ೧೮ರಂದು ಟನ್‌ಬ್ರಿಜ್ ವೆಲ್ಸ್ ಎಂಬ ಊರಿನಲ್ಲಿ ಜಿಂಬಾಬ್ವೆಯ ಎದುರು ನಮ್ಮವರು ೧೭ ರನ್ನಿಗೆ ೫ ವಿಕೆಟ್ ಕಳೆದುಕೊಂಡಿದ್ದರು. ಕಪಿಲ್ ದೇವರು ಔಟಾಗದೆ ೧೭೫ ಹೊಡೆದರು; ನಮ್ಮ ಕಿರ್ಮಾನಿಯವರು ಜೊತೆ ಬಿಡದೆ ನಿಂತು ೨೪ ಗಳಿಸಿದರು; ಒಂಬತ್ತನೆಯ ವಿಕೆಟ್ಟಿಗೆ ಇಬ್ಬರೂ ಸೇರಿಸಿದುದು ೧೨೬. ಆದರೆ ಆ ದಿನ ಅಲ್ಲಿ ದೂರದರ್ಶನದ ಕ್ಯಾಮೆರಾ ಇರಲಿಲ್ಲ. ಆದುದರಿಂದ ಆ ಆಟವನ್ನು ಕಂಡವರು ಅಂದು ಅಲ್ಲಿ ಕುಳಿತಿದ್ದವರಷ್ಟೇ. ಉಳಿದ ಲೋಕವು ಅದನ್ನು ಕಂಡದ್ದು ೩೮ ವರ್ಷಗಳ ಮೇಲೆ, ರಣವೀರ್ ಸಿಂಗ್ ಎಂಬ ನಟನ ಮೈಯಲ್ಲಿ.

“ಕಪಿಲ್ ಒಂದು ಕಾಲು ಎತ್ತಿ ಹೊಡೆಯುತ್ತಿದ್ದರಲ್ಲ, ಅದೇ ತರಹ ಹೊಡೆದಿದ್ದಾನೆ, ದೊಡ್ಡಪ್ಪ” ಎಂದನು ಹುಡುಗ.

“ಕಾಲು ಸರಿಯಾಗಿದೆ” ಎಂದನು ಸೈಕಲ್ ಶಾಪಿನ ಶಿಷ್ಯ. “ಕಷ್ಟಪಟ್ಟು ಕಲಿತಿದ್ದಾರೆ. ಆದರೆ ಕಲಿತದ್ದು ಅಂತ ಕಾಣುತ್ತೆ. ಕಪಿಲ್‌ಗೆ ಕಾಲು ತಾನಾಗಿ ಏಳುತ್ತಿತ್ತು.”

ಈ ಮಾತಿನ ಬೆಲೆ ನಮಗೆ ಆಗ ತಿಳಿಯಲಿಲ್ಲ. ಅಷ್ಟರಲ್ಲಿ ರಾಯರು ವಾದವನ್ನು ಕನ್ನಡಕ್ಕೆ ಎಳೆದು ತಂದಿದ್ದರು. ರಾಯರು ರಾಜಕುಮಾರರ ಪಕ್ಷ. ೧೯೭೨ರಲ್ಲಿ ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ‘ಬಂಗಾರದ ಮನುಷ್ಯ’ವು ಎರಡು ವರ್ಷ ಓಡಿತಷ್ಟೆ; ಆ ಓಟಕ್ಕೆ ತಮ್ಮ ಪಾಲಿನ ಟಿಕೆಟ್ಟುಗಳೂ ಸೇರಿವೆಯೆಂದು ಅವರ ಹೆಮ್ಮೆ. ಗುಬ್ಬಿ ಕಂಪನಿಯಲ್ಲಿ ಪಳಗಿದ ನಟ, ನಟನೆಂದು ಹೆಸರಾದ ಮೇಲೆ ‘ಜೀವನಚೈತ್ರ’ದ ಹಾಡಿಗಾಗಿ ಗಾಯಕನೆಂದು ರಾಷ್ಟ್ರಪ್ರಶಸ್ತಿ ಪಡೆದವರು, ಇಂತಹವರು ಇನ್ನೊಬ್ಬರಿದ್ದರೆ ತೋರಿಸಿರೆಂದು ರಾಯರು ಪಂಥವೊಡ್ಡಿದರು. ಶಿಷ್ಯನು ವಿಷ್ಣುವರ್ಧನರ ಪಕ್ಷ. ಅವನು ‘ಬಂಧನ’ವೆಂದನು, ‘ಮುತ್ತಿನ ಹಾರ’ವೆಂದನು, ಎಲ್ಲಕ್ಕೂ ಮೇಲೆ ‘ನಾಗರಹಾವು’ ಎಂದನು. ನಮ್ಮ ಹುಡುಗನು ಇವೆರಡೂ ಪಕ್ಷವನ್ನು ಬದಿಗೊತ್ತಿ, ‘ಕಾಂತಾರ’ಕ್ಕಾಗಿ ರಿಷಬ್ ಶೆಟ್ಟಿಯವರು ಹಿಂದಿನ ವಾರವಷ್ಟೇ ದೆಹಲಿಯಲ್ಲಿ ರಾಷ್ಟ್ರಪ್ರಶಸ್ತಿ ಪಡೆದುದನ್ನು ಜ್ಞಾಪಿಸಿದನು. ಅವನ ಮಾತನ್ನು ಇಬ್ಬರೂ ಕೇಳಿಸಿಕೊಳ್ಳಲಿಲ್ಲ. ಹಳೆಯ ಜಗಳದ ಮುಂದೆ ಹೊಸ ಸುದ್ದಿಗೆ ಬೆಲೆಯೇನು?

ದನಿ ಏರಿತು. ರಾಯರು ಒಂದು ಕಟುವಾದ ಮಾತನ್ನು ಆಡಿದರು. ಅದನ್ನು ಇಲ್ಲಿ ಬರೆಯುವುದಿಲ್ಲ. ಕಾಫಿ ತಂದ ನಮ್ಮ ಮನೆಯಾಕೆ, “ಮಳೆ ಬೆಂಗಳೂರಿನಲ್ಲಿ, ಗುಡುಗು ಇಲ್ಲಿಯೇ?” ಎಂದು ಹೇಳಿ ಒಳಗೆ ಹೋದಳು. ಅಲ್ಲಿಗೇ ಮುಗಿಯಬೇಕಾಗಿತ್ತು. ಮುಗಿಯದಂತೆ ಮಾಡಿದವರು ನಾವು.

ನಡೆದುದು ಹೀಗೆ. ‘ನಾಗರಹಾವು’ ತ.ರಾ.ಸು. ಅವರ ಕಾದಂಬರಿಗಳಿಂದ ಪುಟ್ಟಣ್ಣ ಕಣಗಾಲರು ೧೯೭೨ರಲ್ಲಿ ತೆಗೆದ ಚಿತ್ರ. ಅದರಲ್ಲಿ ಚಾಮಯ್ಯ ಮೇಷ್ಟ್ರೆಂಬ ಉಪಾಧ್ಯಾಯರ ಪಾತ್ರವಿದೆ; ಕೆ. ಎಸ್. ಅಶ್ವತ್ಥರು ಅಭಿನಯಿಸಿದುದು. ಶಾಲೆಯಲ್ಲಿ ಮೇಷ್ಟ್ರಾಗಿದ್ದವರೆಲ್ಲರೂ ಆ ಪಾತ್ರವನ್ನು ತಮ್ಮದೇ ಭಾವಚಿತ್ರವೆಂದು ತಿಳಿದುಕೊಂಡಿರುವರು. ನಾವೂ ಅದಕ್ಕೆ ಹೊರತಲ್ಲ. ಗುರುಭಕ್ತಿಯೆಂದರೆ ರಾಮಾಚಾರಿಯದು, ಗುರುವೆಂದರೆ ಚಾಮಯ್ಯ ಮೇಷ್ಟ್ರು ಎಂದು ನಾವು ಮಧ್ಯಸ್ಥರ ಗಾಂಭೀರ್ಯದಿಂದ ತೀರ್ಪು ಕೊಟ್ಟೆವು. ಶಿಷ್ಯನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಸಾರ್, ಹುಡುಗ ಕೆಟ್ಟದ್ದು ಮೇಷ್ಟ್ರ ಮಾತು ಕೇಳಿಯೇ ಅಲ್ಲವೇ? ಅವರು ಒಳ್ಳೆಯದಕ್ಕೆ ಅಂತಲೇ ಹೇಳಿದರು. ಅಶ್ವತ್ಥ್ ಮುಖದಲ್ಲಿ ಅದು ಅವರಿಗೂ ಗೊತ್ತಾದ ಹಾಗೆ ಕಾಣುತ್ತೆ” ಎಂದನು.

ಇದನ್ನು ಕೇಳಿ ನಮಗೆ ಏಕೆ ಸಿಟ್ಟು ಬಂದಿತೋ ಹೇಳಲಾರೆವು. “ರಾಮಶಬ್ದವೇ ಬಾರದವನಿಗೆ ಅಭಿನಯದ ಮರ್ಮ ತಿಳಿದೀತೇ?” ಎಂದುಬಿಟ್ಟೆವು. ಮೂವತ್ತೊಂದು ವರ್ಷ ಹಿಂದಿನ ಬೆತ್ತವದು. ಅವನು ನಕ್ಕನು. ಲೋಟವನ್ನು ಕೆಳಗಿಟ್ಟು, “ಅಂಗಡಿಯಲ್ಲಿ ಹುಡುಗ ಒಬ್ಬನೇ ಇದ್ದಾನೆ ಸಾರ್” ಎಂದು ಎದ್ದುಹೋದನು. ಕಾಫಿ ಅರ್ಧ ಹಾಗೆಯೇ ಉಳಿದಿತ್ತು.

ರಾತ್ರಿ ನಮಗೆ ನಿದ್ದೆ ಬರಲಿಲ್ಲ. ನಮ್ಮ ಮಾತು ಕಟುವಾದರೂ ಶಾಸ್ತ್ರಸಮ್ಮತವೆಂದು ನಮಗೆ ನಾವೇ ಸಮಾಧಾನ ಹೇಳಿಕೊಳ್ಳಬೇಕೆಂದು ಭರತನ ನಾಟ್ಯಶಾಸ್ತ್ರವನ್ನು ತೆಗೆದೆವು. ಮೊದಲನೆಯ ಅಧ್ಯಾಯದಲ್ಲಿಯೇ ಪೆಟ್ಟು ಬಿದ್ದಿತು. ಲೋಕದ ಪ್ರಪ್ರಥಮ ನಾಟಕ ಪ್ರಯೋಗ ನಡೆದುದು ಇಂದ್ರಧ್ವಜದ ಉತ್ಸವದಲ್ಲಿ. ವಸ್ತು, ದೇವತೆಗಳು ಅಸುರರನ್ನು ಗೆದ್ದದ್ದು. ಪ್ರೇಕ್ಷಕರಲ್ಲಿದ್ದ ಅಸುರರು ಇದೇನು ನಮ್ಮ ಪಕ್ಷದ ಅಪಮಾನವೆಂದು ಎದ್ದು, ನಟರ ಮಾತನ್ನೂ ಚಲನವನ್ನೂ ಸ್ತಂಭಿಸಿದರಂತೆ. ಇಂದ್ರನು ಧ್ವಜದ ಕೋಲನ್ನೇ ಕಿತ್ತು ಹೊಡೆಯಬೇಕಾಯಿತು. ನಾಟಕ ಹುಟ್ಟಿದ ದಿನವೇ ಅಭಿಮಾನಿಗಳ ಜಗಳವೂ ಹುಟ್ಟಿತೆಂದಾಯಿತು. ನಮ್ಮ ರಾಯರನ್ನು ದೂರಿ ಫಲವೇನು?

ಆದರೆ ನಾವು ಹುಡುಕುತ್ತಿದ್ದುದು ಇದನ್ನಲ್ಲ. ಪ್ರಯೋಗದ ಗುಣದೋಷಗಳನ್ನು ನಿರ್ಣಯಿಸತಕ್ಕವರು ಯಾರೆಂಬುದು ಇಪ್ಪತ್ತೇಳನೆಯ ಅಧ್ಯಾಯದಲ್ಲಿದೆ. ಅಲ್ಲಿ ವೈಯಾಕರಣನಿದ್ದಾನೆ, ನಮಗೆ ಸಂತೋಷವಾಯಿತು. ಪಾಠ್ಯವನ್ನು, ಎಂದರೆ ಮಾತನ್ನು, ಅವನು ನೋಡಬೇಕು. ಛಂದಸ್ಸಿಗೆ ಛಂದೋಜ್ಞ, ವೇಷಕ್ಕೆ ಚಿತ್ರಕಾರ, ಸ್ವರಕ್ಕೆ ಗಾಯಕ, ರಾಜನ ಪಾತ್ರಕ್ಕೆ ಸ್ವತಃ ರಾಜ. ಇವರ ನಡುವೆ ಇನ್ನೊಬ್ಬನಿದ್ದಾನೆ, ಬಿಲ್ಲುಗಾರ. ಅವನಿಗೇನು ಕೆಲಸ? ಸೌಷ್ಠವವನ್ನು ನಿರ್ಣಯಿಸುವುದು, ಅಂಗಗಳ ನಿಲುವು, ಮೈಯ ತೂಕ, ಹದ. ಇದನ್ನು ವೈಯಾಕರಣನಿಗೆ ಭರತನು ಬಿಟ್ಟುಕೊಟ್ಟಿಲ್ಲ. ಗುರಿಯಿಟ್ಟು ನಿಂತು ಬಲ್ಲವನಿಗೇ ನಿಂತವನ ನಿಲುವು ತಿಳಿಯುವುದು.

ನಲವತ್ತು ವರ್ಷ ಈ ಗ್ರಂಥವು ನಮ್ಮ ಕಪಾಟಿನಲ್ಲಿದೆ. ಬಿಲ್ಲುಗಾರನನ್ನು ನಾವು ಹಿಂದೆಯೂ ಓದಿದ್ದೆವು; ಕಂಡಿರಲಿಲ್ಲ.

ಮಾರನೆಯ ದಿನ ಮಳೆ ಬಿಟ್ಟಿತು, ಬಿಡದಿದ್ದರೇ ಲೇಸಾಗುತ್ತಿತ್ತು. ನಮ್ಮವರು ೪೬ ರನ್ನಿಗೆ ಔಟಾದರು. ಸ್ವದೇಶದಲ್ಲಿ ಭಾರತವು ಟೆಸ್ಟ್ ಪಂದ್ಯದಲ್ಲಿ ಮಾಡಿದ ಅತ್ಯಲ್ಪ ಮೊತ್ತವದು, ಐವರು ಸೊನ್ನೆ. ರಾಯರು ಒಬ್ಬರೇ ಬೆತ್ತದ ಕುರ್ಚಿಯಲ್ಲಿ ಕುಳಿತು ಪ್ರತಿ ವಿಕೆಟ್ಟಿಗೂ ಬಾಗಿಲ ಕಡೆ ನೋಡುತ್ತಿದ್ದರು. ಏಳನೆಯ ವಿಕೆಟ್ ಬಿದ್ದಾಗ, “ಬೈಯುವುದಕ್ಕಾದರೂ ಒಬ್ಬ ಬೇಕಲ್ಲ ಮೇಷ್ಟ್ರೇ” ಎಂದರು. ತಾವು ಆಡಿದ ಮಾತಿನಿಂದಲೇ ಅವನು ಬರಲಿಲ್ಲವೆಂದು ಅವರು ತಿಳಿದಿದ್ದರು. ನಾವು ತಿದ್ದಲಿಲ್ಲ. ಇದೂ ನಮ್ಮ ಲೆಕ್ಕಕ್ಕೆ ಸೇರತಕ್ಕದ್ದೇ.

ಶುಕ್ರವಾರ ಸಂಜೆ ನಮ್ಮ ಹಳೆಯ ಸೈಕಲ್ಲನ್ನು ತಳ್ಳಿಕೊಂಡು ಅಂಗಡಿಗೆ ಹೋದೆವು. ಎರಡು ವರ್ಷದಿಂದ ಹತ್ತದಿದ್ದ ಸೈಕಲ್ಲಿಗೆ ಅಂದೇ ಗಾಳಿ ಬೇಕಾಯಿತು. ಕ್ಷಮ್ ಧಾತು, ಲೋಟ್ ಲಕಾರ, ಮಧ್ಯಮಪುರುಷ ಏಕವಚನ ‘ಕ್ಷಮಸ್ವ’ ಎಂಬುದನ್ನು ನೂರಾರು ಮಕ್ಕಳಿಂದ ಹೇಳಿಸಿರುವ ನಮ್ಮ ನಾಲಗೆಗೆ ಅದರ ಕನ್ನಡವು ಒದಗಲಿಲ್ಲ. ಆದುದರಿಂದ ಬಿಲ್ಲುಗಾರನ ಕಥೆಯನ್ನು ಹೇಳಿದೆವು. ಅವನು ಟ್ಯೂಬನ್ನು ನೀರಿನಲ್ಲಿ ಅದ್ದಿ ಗುಳ್ಳೆ ನೋಡುತ್ತ ಕೇಳುತ್ತಿದ್ದನು.

“ನಿಲುವು ನೋಡುತ್ತಿದ್ದನೇ ಸಾರ್ ಅವನು?” ಎಂದು ಕೇಳಿ, ಅವನೇ ಮುಂದುವರಿಸಿದನು. “ಹಾಗಾದರೆ ನಮ್ಮವರಲ್ಲಿ ಮೊದಲು ಹೇಳಬೇಕಾದದ್ದು ರಾಜಕುಮಾರ್ ಹೆಸರೇ. ರಾಯರ ಹತ್ತಿರ ಹೇಳಬೇಡಿ. ‘ಬಭ್ರುವಾಹನ’ದಲ್ಲಿ ಅರ್ಜುನನೂ ಅವರೇ, ಮಗನೂ ಅವರೇ. ಕೈ ಅಡ್ಡ ಹಿಡಿದು ಮುಖ ಮುಚ್ಚಿಕೊಂಡು ನೋಡಿ. ನಿಂತ ರೀತಿಯಲ್ಲೇ ಅಪ್ಪ ಯಾರು, ಮಗ ಯಾರು ಅಂತ ಹೇಳಬಹುದು. ಮಗನಿಗೆ ಭಾರ ಮುಂಗಾಲ ಮೇಲೆ, ಅಪ್ಪನಿಗೆ ಹಿಂಗಾಲ ಮೇಲೆ. ವಿಶ್ವನಾಥ್ ಸ್ಕ್ವೇರ್ ಕಟ್ ಹೊಡೆಯುವ ಹಾಗೆ, ಅವಸರವೇ ಇಲ್ಲ.”

ವಾಚಕರೇ, ೧೯೭೭ರಲ್ಲಿ ಬಂದ ಆ ಚಿತ್ರವನ್ನು ನಾವು ಮೂರು ಸಲ ನೋಡಿದ್ದೇವೆ. ಮೂರು ಸಲವೂ ಕಿವಿಯಿಂದ ನೋಡಿದೆವೆಂದು ತೋರುತ್ತದೆ.

“ಮತ್ತೆ ವಿಷ್ಣುವರ್ಧನರ ಪಕ್ಷ ಏಕಪ್ಪಾ?” ಎಂದೆವು.

ಅವನು ಪಂಕ್ಚರಿನ ಮೇಲೆ ಪಟ್ಟಿಯನ್ನೊತ್ತಿ ಹಿಡಿದುಕೊಂಡೇ ಹೇಳಿದನು. ಅವನ ತಂದೆಯೂ ಇದೇ ಅಂಗಡಿಯಲ್ಲಿ ಕುಳಿತವರು. ಊರ ಹೊರಗಿನ ಟೆಂಟಿನಲ್ಲಿ ‘ನಾಗರಹಾವು’ ಮರಳಿ ಬಂದಾಗ ಮಗನನ್ನು ಸೈಕಲ್ಲಿನ ಬಾರಿನ ಮೇಲೆ ಕೂರಿಸಿಕೊಂಡು ಕರೆದೊಯ್ದಿದ್ದರು. ಹಿಂದಿರುಗುವಾಗ ದಾರಿಯುದ್ದಕ್ಕೂ ಮಾತಿಲ್ಲ. ಮನೆಯ ಬಳಿ ಇಳಿಸುವಾಗ ಮಾತ್ರ, “ಎಷ್ಟು ಕೋಪ ಬಂದರೂ ಮೇಷ್ಟ್ರಿಗೆ ಎದುರಾಡಲಿಲ್ಲ ನೋಡು ಆ ಹುಡುಗ” ಎಂದರಂತೆ. ಮರುವರ್ಷ ಅವರು ತೀರಿಕೊಂಡರು. “ಯಾರು ದೊಡ್ಡ ನಟ ಅಂತ ನನಗೆ ಗೊತ್ತಿಲ್ಲ ಸಾರ್. ಆ ಚಿತ್ರಕ್ಕೆ ಯಾರಾದರೂ ಏನಾದರೂ ಅಂದರೆ ಅಪ್ಪನಿಗೆ ಅಂದ ಹಾಗಾಗುತ್ತೆ.”

ಬುಧವಾರ ಅವನು ನಕ್ಕು ಎದ್ದುಹೋದುದರ ಕಾರಣ ನಮಗೆ ಆಗ ತಿಳಿಯಿತು. ಗಾಳಿಯ ಹಣವನ್ನು ಅವನು ತೆಗೆದುಕೊಳ್ಳಲಿಲ್ಲ. “ನಾಳೆ ಸರ್ಫರಾಜ್ ಆಡುತ್ತಾನೆ, ಬಾ” ಎಂದೆವು.

ಶನಿವಾರ ಅವನು ಬಂದನು. ರಾಯರು ಏನೊಂದೂ ಹೇಳದೆ ಬೆತ್ತದ ಕುರ್ಚಿಯನ್ನು ಬಿಟ್ಟು ಮೋಡಾದ ಮೇಲೆ ಕುಳಿತರು. ಅವರ ಸೊಂಟದ ಸ್ಥಿತಿಯನ್ನು ಬಲ್ಲ ನಮಗೆ ಅದು ಸಣ್ಣ ತ್ಯಾಗವೆನಿಸಲಿಲ್ಲ. ಸರ್ಫರಾಜ್ ಖಾನ್ ೧೫೦ ಹೊಡೆದನು. ರಿಷಭ್ ಪಂತ್ ೯೯ಕ್ಕೆ ಔಟಾದಾಗ ಇಬ್ಬರ ಬಾಯಿಂದಲೂ ಒಂದೇ ಉದ್ಗಾರ ಹೊರಟಿತು. ಭಾನುವಾರ ನಾವು ಸೋತೆವು. ನ್ಯೂಜಿಲೆಂಡಿನವರು ೧೯೮೮ರ ಮೇಲೆ ಭಾರತದ ನೆಲದಲ್ಲಿ ಗೆದ್ದ ಮೊದಲನೆಯ ಟೆಸ್ಟ್ ಅದು. ಅದರ ವಿಷಯವಾಗಿ ಪತ್ರಿಕೆಗಳು ಬೇಕಾದಷ್ಟು ಬರೆದಿವೆ.

ಶನಿವಾರ ಆಟ ಮುಗಿದ ಮೇಲೆ ನಡೆದುದನ್ನು ಮಾತ್ರ ಯಾರೂ ಬರೆದಿಲ್ಲ. ಹೇಳಬೇಡವೆಂದಿದ್ದುದನ್ನು ನಾವು ರಾಯರಿಗೆ ಹೇಳಿಬಿಟ್ಟಿದ್ದೆವು. ನಮ್ಮ ಹುಡುಗನು ಎಲ್ಲಿಂದಲೋ ‘ಬಭ್ರುವಾಹನ’ವನ್ನು ಹುಡುಕಿ ಟೆಲಿವಿಷನ್ನಿನಲ್ಲಿ ಹಾಕಿದನು. ಸಂಜೆಯ ಕಾಫಿ ತಂದ ಮನೆಯಾಕೆಯು ಹೊಸಲಿನಲ್ಲಿಯೇ ನಿಂತಳು. ಗಂಡಸರು ನಾಲ್ವರೂ ಸಾಲಾಗಿ ಕುಳಿತು, ನಟನ ಮುಖವು ಕಾಣದಂತೆ ಒಂದೊಂದು ಅಂಗೈಯನ್ನು ಕಣ್ಣಿನ ಮುಂದೆ ಚಾಚಿ, ಪರದೆಯನ್ನು ನೋಡುತ್ತಿದ್ದೆವು.

“ಇದೇನು, ಯಾರಿಗೆ ಆಶೀರ್ವಾದ?” ಎಂದಳು.

“ತಾಳಮ್ಮ, ಇವನು ಅಪ್ಪನೋ ಮಗನೋ ನೋಡುತ್ತಿದ್ದೇವೆ” ಎಂದರು ರಾಯರು, ಕೈಯನ್ನು ಇಳಿಸದೆ.