ರಕ್ಷಣೆಯ ಹೆಸರಿನ ಸೆರೆ

ಮಿಜೋ ಬೆಟ್ಟಗಳಲ್ಲಿ 1967ರಿಂದ ಮೊದಲಾದ ಗ್ರಾಮಸಂಯೋಜನೆಯನ್ನು ಇಂದಿಗೂ ಸಮರ್ಥಿಸುವವರುಂಟು. ದಂಗೆಕೋರರಿಗೆ ಅನ್ನವೂ ಆಶ್ರಯವೂ ಹಳ್ಳಿಗಳಿಂದ ದೊರೆಯುತ್ತಿದ್ದುವು. ಹಳ್ಳಿಗಳನ್ನು ಕಿತ್ತು ರಸ್ತೆಯ ಬದಿಗೆ ತಂದುದರಿಂದ ಆ ಅನ್ನ ತಪ್ಪಿತು, ಕಡೆಗೆ ಶಾಂತಿ ನೆಲಸಿತು ಎಂಬುದು ಅವರ ವಾದ. ಕೇಳುವುದಕ್ಕೆ ವಾದವು ಒಪ್ಪವಾಗಿಯೇ ಇದೆ. ಅನ್ನ ತಪ್ಪಿದುದು ಯಾರಿಗೆ ಎಂಬುದನ್ನು ಮಾತ್ರ ಅವರು ವಿಚಾರಿಸಲೊಲ್ಲರು.

1959ರಲ್ಲಿ ಬಿದಿರು ಹೂತು, ಇಲಿಗಳು ಮಿತಿಮೀರಿ ಹೆಚ್ಚಿ, ಬೆಳೆಯನ್ನೆಲ್ಲ ತಿಂದು ಆ ಜನರನ್ನು ಕ್ಷಾಮಕ್ಕೆ ನೂಕಿದುವು. ಅಂದಿನ ಅಸ್ಸಾಂ ಸರ್ಕಾರದ ಉದಾಸೀನದಿಂದ ನೊಂದು, ಕ್ಷಾಮಪರಿಹಾರಕ್ಕೆಂದು ಹುಟ್ಟಿದ ಸಂಘವೇ 1961ರಲ್ಲಿ ಲಾಲ್‌ಡೆಂಗಾ ಅವರ ನಾಯಕತ್ವದಲ್ಲಿ ಮಿಜೋ ನ್ಯಾಷನಲ್ ಫ್ರಂಟ್ ಆಗಿ ಮಾರ್ಪಟ್ಟು, 1966ರ ಮಾರ್ಚಿ 1ರಂದು ಸ್ವಾತಂತ್ರ್ಯವನ್ನು ಸಾರಿತು. ಬಂಡುಕೋರರ ಕೈಯೇನೂ ನಿರ್ಮಲವಾಗಿರಲಿಲ್ಲ. ಆದರೆ ಅದೇ ತಿಂಗಳು ಐಜಾಲ್ ಪಟ್ಟಣದ ಮೇಲೆ ಭಾರತದ ವಿಮಾನಗಳೇ ಬೆಂಕಿಯನ್ನು ಸುರಿಸಿದುವು. ಇಲಿಯ ಕಾಟಕ್ಕೆ ಮನೆಯನ್ನೇ ಸುಟ್ಟ ಗಾದೆ ಅಲ್ಲಿ ಅಕ್ಷರಶಃ ನಡೆದುಹೋಯಿತು.

ಮರುವರ್ಷದ ಜನವರಿಯಲ್ಲಿ ಸಂಯೋಜನೆ ಪ್ರಾರಂಭವಾಯಿತು. ಬ್ರಿಟಿಷರು 1950ರಿಂದ ಮಲಯಾದಲ್ಲಿ ನಡೆಸಿದ್ದ ಉಪಾಯವನ್ನು ಸ್ವತಂತ್ರ ರಾಜ್ಯವು ತನ್ನ ಪ್ರಜೆಗಳ ಮೇಲೆಯೇ ಪ್ರಯೋಗಿಸಿ, ಅದಕ್ಕೆ ರಕ್ಷಿತ ಹಾಗೂ ಪ್ರಗತಿಶೀಲ ಗ್ರಾಮವೆಂದು ನಾಮಕರಣ ಮಾಡಿತು. ಕೆಲವೇ ವರ್ಷಗಳಲ್ಲಿ 500ಕ್ಕೂ ಮಿಕ್ಕ ಹಳ್ಳಿಗಳು 100 ಚಿಲ್ಲರೆ ಕೇಂದ್ರಗಳೊಳಗೆ ತುರುಕಲ್ಪಟ್ಟುವು. ಜನಸಂಖ್ಯೆಯ ಐದು ಪಾಲಿನಲ್ಲಿ ಸುಮಾರು ನಾಲ್ಕು ಪಾಲು ನೆಲೆ ತಪ್ಪಿತು. ಹೊತ್ತಷ್ಟು ಹೊತ್ತು ಬರಬೇಕು. ಉಳಿದ ಧಾನ್ಯವೂ ಮನೆಯೂ ಬೆಂಕಿಯ ಪಾಲು.

ಜನವರಿಯೆಂಬುದನ್ನು ವಾಚಕರು ಗಮನಿಸಬೇಕು. ಅಲ್ಲಿಯ ಬೇಸಾಯವು ಝೂಮ್. ನಮ್ಮ ಮಲೆನಾಡಿನ ಕುಮರಿಯ ಜಾತಿಯದು. ವರ್ಷದ ಮೊದಲ ತಿಂಗಳುಗಳಲ್ಲಿ ಕಾಡು ಕಡಿದು, ಒಣಗಿಸಿ, ಮಳೆಗೆ ಮುನ್ನ ಸುಟ್ಟು ಬಿತ್ತಿದರೆ ಉಂಟು, ಇಲ್ಲವಾದರೆ ಆ ವರ್ಷವೇ ಇಲ್ಲ. ಹೊಲವು ಊರಿಗೆ ಹಲವು ಮೈಲಿ ದೂರ. ಒಕ್ಕಲಿಗನು ಗುಡಿಸಲಲ್ಲಿಯೇ ರಾತ್ರಿಗಳನ್ನು ಕಳೆದು ಹಂದಿಯನ್ನು ಕಾಯಬೇಕು, ಕಳೆ ಕೀಳಬೇಕು. ಕೇಂದ್ರದಲ್ಲಾದರೋ ಹೊರಗೆ ಹೋಗಲು ಚೀಟಿ ಬೇಕು, ಸಂಜೆಗೆ ಮುನ್ನ ಬೇಲಿಯೊಳಗೆ ಎಣಿಕೆಗೆ ನಿಲ್ಲಬೇಕು. ಕಾಯುವವನಿಲ್ಲದ ಬೆಳೆಯನ್ನು ಯಾರು ತಾನೇ ಕೊಯ್ದಾರು? ಸಮೀಪದ ಇಳಿಜಾರುಗಳನ್ನೇ ಎಲ್ಲರೂ ಮರಳಿ ಮರಳಿ ಕಡಿದುದರಿಂದ ಭೂಮಿಗೆ ವಿಶ್ರಾಂತಿ ತಪ್ಪಿ ಸಾರ ಕುಗ್ಗಿತು. ತನ್ನ ಬತ್ತವನ್ನು ತಾನೇ ಬೆಳೆದುಣ್ಣುತ್ತಿದ್ದವನು ಸರ್ಕಾರದ ಅಕ್ಕಿಗೆ ಸಾಲು ನಿಂತು, ರಸ್ತೆಯ ಜಲ್ಲಿ ಒಡೆಯುವ ಕೂಲಿಯಾದನು. ಇದೇ ಪ್ರಗತಿ!

ಇಷ್ಟಾದರೂ ದಂಗೆ ಅಡಗಿತೆ? ಬಂಡುಕೋರರ ನೆಲೆಯೂ ಆಯುಧವೂ 1971ರವರೆಗೆ ಗಡಿಯಾಚೆ ಪೂರ್ವ ಪಾಕಿಸ್ತಾನದಲ್ಲಿದ್ದುವು. ಅವು ತಪ್ಪಿದುದು ಆ ವರ್ಷದ ಯುದ್ಧದಿಂದಲೇ ಹೊರತು ಹಳ್ಳಿಯ ಕಣಜಕ್ಕೆ ಕಿಚ್ಚಿಟ್ಟುದರಿಂದಲ್ಲ. ಶಾಂತಿಯ ಒಪ್ಪಂದಕ್ಕೆ ಸಹಿ ಬಿದ್ದುದು 1986ರ ಜೂನ್ 30ರಂದು, ಸಂಯೋಜನೆಯಾಗಿ ಸುಮಾರು ಇಪ್ಪತ್ತು ವರ್ಷಗಳ ಮೇಲೆ, ಲಾಲ್‌ಡೆಂಗಾ ಅವರನ್ನು ಕರೆದು ಕೂಡಿಸಿ ಮಾತನಾಡಿದ ಮೇಲೆ. ಆ ಮಾತನ್ನು 1966ರಲ್ಲಿ ಆಡುವುದಕ್ಕೆ ಏನು ಅಡ್ಡಿಯಿತ್ತೆಂಬುದನ್ನು ಸಮರ್ಥಕರು ತಿಳಿಸಬೇಕು. ಬಹುಮಂದಿ ಒಕ್ಕಲಿಗರು ಹಳೆಯ ಊರಿಗೆ ಹಿಂದಿರುಗಲೇ ಇಲ್ಲ. ಅವರ ಹಿರಿಯರ ಗೋರಿಗಳ ಮೇಲೆ ಅಷ್ಟರಲ್ಲಿ ಬಿದಿರು ಬೆಳೆದಿತ್ತು.